ಘಾಟಿ, ಮಳೆ, ಉಪ್ಪು ಗಾಳಿ: ಕರಾವಳಿಯ ದೊಡ್ಡ ಎಸ್‌ಯುವಿಗೆ ಯಾವ ಬ್ರೇಕ್ ಪ್ಯಾಡ್?

ಫಾರ್ಚುನರ್, ಸ್ಕಾರ್ಪಿಯೊ-ಎನ್, ಎಕ್ಸ್‌ಯುವಿ700, ಸಫಾರಿ, ಹಳೆಯ ಎಂಡೆವರ್. ಮಂಗಳೂರು, ಉಡುಪಿ ಕಡೆ ಇಂಥ ಗಾಡಿ ಇಟ್ಟುಕೊಂಡವರಿಗೆ ಪ್ಯಾಡ್ ಬದಲಿಸುವ ಹೊತ್ತಿಗೆ ಬರುವ ಗೊಂದಲ ಹೆಚ್ಚುಕಡಿಮೆ ಒಂದೇ. ಸರ್ವಿಸ್ ಸೆಂಟರಿನವರು ಕಂಪೆನಿ ಪ್ಯಾಡ್ ಬಿಟ್ಟು ಬೇರೆ ಬೇಡ ಅನ್ನುತ್ತಾರೆ. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆಗೆ ಇನ್ನೊಂದು ಬ್ರ್ಯಾಂಡ್ ಸಿಗುತ್ತದೆ. ಆನ್‌ಲೈನಿನಲ್ಲಿ ನೋಡಿದರೆ ಸೆರಾಮಿಕ್ ಹಾಕಿಸಿ ಎಂಬ ಸಲಹೆ. ಮೆಕ್ಯಾನಿಕ್ ಮಾತ್ರ ‘ಘಾಟಿಗೆ ಹೋಗುವ ಗಾಡಿಯಾದರೆ ಮೆಟಲ್ ಪ್ಯಾಡೇ ಸರಿ’ ಅನ್ನುತ್ತಾರೆ.

ಇವರಲ್ಲಿ ಯಾರ ಮಾತೂ ಪೂರ್ತಿ ತಪ್ಪಲ್ಲ. ಆದರೆ ಒಬ್ಬೊಬ್ಬರೂ ಒಂದೊಂದು ಬಗೆಯ ಬಳಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಿರುತ್ತಾರೆ. ನಮ್ಮ ಕಡೆ ಎರಡು ಪ್ರಶ್ನೆಗೆ ಉತ್ತರ ಸಿಕ್ಕಿದರೆ ಆಯ್ಕೆ ಬಹುಮಟ್ಟಿಗೆ ಮುಗಿದಂತೆ: ಗಾಡಿ ತುಂಬ ಜನ ಕೂರಿಸಿಕೊಂಡು ಎಷ್ಟು ಸಲ ಘಾಟಿ ಇಳಿಯುತ್ತೀರಿ, ಮತ್ತು ಉಳಿದ ದಿನ ಗಾಡಿ ಎಲ್ಲಿ ನಿಂತಿರುತ್ತದೆ. ಬ್ರ್ಯಾಂಡಿನ ವಿಚಾರ ಆಮೇಲೆ.

ಯಾವುದರಿಂದ ಅಳೆಯಬೇಕು

ಮೊದಲನೆಯದು ಶಾಖ. ಇಂಥ ಗಾಡಿಗಳ ಖಾಲಿ ತೂಕವೇ ಸುಮಾರು 1.8ರಿಂದ 2.4 ಟನ್. ಏಳು ಜನ, ಲಗೇಜು ಸೇರಿದರೆ ಎರಡೂವರೆ ಟನ್ ಹತ್ತಿರ, ಕೆಲವು ಗಾಡಿ ಅದಕ್ಕೂ ಹೆಚ್ಚು. ಗಂಟೆಗೆ 80 ಕಿ.ಮೀ. ವೇಗದಲ್ಲಿರುವ 2,500 ಕೆ.ಜಿ. ಗಾಡಿಯನ್ನು ಪೂರ್ತಿ ನಿಲ್ಲಿಸಿದರೆ ಸುಮಾರು 617 ಕಿಲೊಜೂಲ್ ಶಕ್ತಿ ಶಾಖವಾಗಿ ಬ್ರೇಕಿಗೆ ಸೇರುತ್ತದೆ. ಈಗ ಅದೇ ಗಾಡಿ ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯಲಿ. ಇಳಿತ ಸುಮಾರು 500 ಮೀಟರ್. ಅಷ್ಟು ಇಳಿಯುವಾಗ ಎಲ್ಲಾದರೂ ಕಳೆಯಲೇಬೇಕಾದ ಶಕ್ತಿ 12,000 ಕಿಲೊಜೂಲ್‌ಗಿಂತ ಹೆಚ್ಚು. ಅಂದರೆ 80ರಿಂದ ಸೊನ್ನೆಗೆ ಇಪ್ಪತ್ತು ಸಲ ಬ್ರೇಕ್ ಹಾಕಿದಷ್ಟು, ಅದೂ ಕೆಲವೇ ಕಿಲೊಮೀಟರ್ ಒಳಗೆ, 14 ಹೇರ್‌ಪಿನ್ ತಿರುವುಗಳಲ್ಲಿ ಗಾಳಿ ಸರಿಯಾಗಿ ತಾಗದ ನಿಧಾನ ವೇಗದಲ್ಲಿ. ಕೆಳ ಗೇರಿನಲ್ಲಿ ಇಳಿಸಿದರೆ ಎಂಜಿನ್ ಇದರಲ್ಲಿ ದೊಡ್ಡ ಪಾಲನ್ನು ಹೊರುತ್ತದೆ. ಆಟೊಮ್ಯಾಟಿಕ್ ಗಾಡಿಯನ್ನು ‘ಡಿ’ಯಲ್ಲೇ ಬಿಟ್ಟು ಬ್ರೇಕ್ ಮೇಲೆ ಕಾಲಿಟ್ಟು ಇಳಿದರೆ ಅಷ್ಟೂ ಭಾರ ಪ್ಯಾಡಿನ ಮೇಲೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯವಾಗಿದೆ. ಇಳಿಜಾರಿನಲ್ಲಿ ವೇಗ ಹಿಡಿದಿಡುವ ಹಿಲ್ ಡಿಸೆಂಟ್ ಕಂಟ್ರೋಲ್ ಬಟನ್ ಒತ್ತಿದರೆ ಬ್ರೇಕ್ ಉಳಿಯುತ್ತದೆ ಎಂದು ಹಲವರು ಭಾವಿಸಿದ್ದಾರೆ. ಆ ವ್ಯವಸ್ಥೆ ನಿಮ್ಮ ಬದಲಿಗೆ ತಾನೇ ಬ್ರೇಕ್ ಒತ್ತಿ ಬಿಟ್ಟು ಮಾಡುತ್ತದೆ, ಅಷ್ಟೆ. ತೋಟದ ಕಡಿದಾದ ಮಣ್ಣಿನ ದಾರಿಗೆ ಅದು ಬೇಕು. ಘಾಟಿಯ ಡಾಂಬರು ರಸ್ತೆಯಲ್ಲಿ ಉದ್ದಕ್ಕೂ ಅದನ್ನೇ ನಂಬಿ ಇಳಿದರೆ ಪ್ಯಾಡ್ ಕಾಯುವುದು ತಪ್ಪುವುದಿಲ್ಲ.

ಎರಡನೆಯದು ಉಪ್ಪು ಮತ್ತು ತೇವ. ಇದನ್ನು ಬೆಂಗಳೂರಿನಲ್ಲಿ ಕೂತು ಬರೆದ ಸಲಹೆಗಳು ಗಮನಿಸುವುದೇ ಇಲ್ಲ. ಮಲ್ಪೆ, ಉಳ್ಳಾಲ, ಸುರತ್ಕಲ್, ಕಾಪು ಕಡೆ ಸಮುದ್ರಕ್ಕೆ ಹತ್ತಿರ ನಿಲ್ಲುವ ಗಾಡಿಯ ಡಿಸ್ಕ್ (ಚಕ್ರದ ಜೊತೆ ತಿರುಗುವ, ಪ್ಯಾಡ್ ಒತ್ತಿ ಹಿಡಿಯುವ ಕಬ್ಬಿಣದ ತಟ್ಟೆ) ಮಳೆಗಾಲದಲ್ಲಿ ಒಂದೇ ರಾತ್ರಿಯಲ್ಲಿ ಕೆಂಪಗಾಗುತ್ತದೆ. ಆ ತುಕ್ಕು ಬೆಳಿಗ್ಗೆ ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ, ಅದರಿಂದ ತೊಂದರೆ ಇಲ್ಲ. ತೊಂದರೆ ಇರುವುದು ಪ್ಯಾಡಿನ ಹಿಂದಿನ ಉಕ್ಕಿನ ಪ್ಲೇಟಿನಲ್ಲಿ. ಪ್ಲೇಟಿಗೂ ಮುಂದಿನ ಘರ್ಷಣೆಯ ಪದರಕ್ಕೂ ನಡುವೆ ತುಕ್ಕು ಹೊಕ್ಕರೆ ಅದು ಉಬ್ಬುತ್ತಾ ಪದರವನ್ನು ಅಂಚಿನಿಂದ ಎಬ್ಬಿಸುತ್ತದೆ. ಪ್ಯಾಡ್ ದಪ್ಪ ಇನ್ನೂ ಅರ್ಧ ಉಳಿದಿರುವಾಗಲೇ ಪದರ ಬಿರುಕು ಬಿಟ್ಟು ಕಳಚಬಹುದು.

ಮೂರನೆಯದು ತಣ್ಣಗಿರುವಾಗ, ಒದ್ದೆಯಾಗಿರುವಾಗ ಹಿಡಿತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಂತೂರು, ಪಂಪ್‌ವೆಲ್ ಸರ್ಕಲ್‌ಗಳಲ್ಲಿ ಎದುರಿನ ಬಸ್ಸು ತಟ್ಟನೆ ನಿಂತಾಗ ಬೇಕಾಗುವುದು ಮೊದಲ ಒತ್ತಿನಲ್ಲೇ ಸಿಗುವ ಹಿಡಿತ. 400 ಡಿಗ್ರಿ ತಾಳುವ ಪ್ಯಾಡ್ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಉಳಿದವು ಸದ್ದು, ಅಲಾಯ್ ವೀಲ್ ಮೇಲೆ ಕೂರುವ ಕಪ್ಪು ಧೂಳು, ಡಿಸ್ಕ್ ಸವೆತ ಮತ್ತು ದುಡ್ಡು. ದುಡ್ಡಿನ ಲೆಕ್ಕವನ್ನು ಪ್ಯಾಡಿನ ಬೆಲೆಯಿಂದಷ್ಟೇ ಮಾಡಬೇಡಿ. ಉದಾಹರಣೆಗೆಂದು ಹೀಗೆ ಇಟ್ಟುಕೊಳ್ಳಿ: ₹2,500ರ ಸೆಟ್ 25,000 ಕಿ.ಮೀ. ಬಂದರೆ ಕಿಲೊಮೀಟರಿಗೆ 10 ಪೈಸೆ. ₹5,000ದ ಸೆಟ್ 45,000 ಕಿ.ಮೀ. ಬಂದರೆ 11 ಪೈಸೆ. ಇಲ್ಲಿಗೆ ಎರಡೂ ಒಂದೇ ಅನ್ನಿಸುತ್ತದೆ. ಈಗ ₹9,000ದ ಜೋಡಿ ಡಿಸ್ಕನ್ನು ಅಗ್ಗದ ಪ್ಯಾಡ್ 60,000 ಕಿ.ಮೀ.ಗೆ ತಿಂದು, ಇನ್ನೊಂದು 1,20,000ದವರೆಗೆ ಉಳಿಸಿದರೆ ಕಿಲೊಮೀಟರಿಗೆ 15 ಪೈಸೆ ಮತ್ತು ಏಳೂವರೆ ಪೈಸೆ ಸೇರುತ್ತದೆ. ಅಗ್ಗದ್ದು ಅಲ್ಲಿ ತುಟ್ಟಿಯಾಯಿತು. ನಿಮ್ಮ ಗಾಡಿಯ ನಿಜವಾದ ಬೆಲೆಗಳನ್ನು ಹಾಕಿ ಇದೇ ಲೆಕ್ಕ ಮಾಡಿ ನೋಡಿ.

ಕೊಳ್ಳುವ ಮೊದಲು ಹಳೆಯದನ್ನು ಕೈಗೆತ್ತಿಕೊಳ್ಳಿ

ಹೊಸ ಪ್ಯಾಡಿನ ಘರ್ಷಣೆಯ ಪದರ ಸಾಮಾನ್ಯವಾಗಿ 10ರಿಂದ 12 ಮಿ.ಮೀ. ಇರುತ್ತದೆ. 3 ಮಿ.ಮೀ.ಗೆ ಇಳಿದರೆ ಬದಲಿಸಬೇಕು. ಘಾಟಿ ಪ್ರಯಾಣ ಎದುರಿಗಿದ್ದರೆ 4 ಮಿ.ಮೀ.ಗೇ ಬದಲಿಸುವುದು ಒಳ್ಳೆಯದು, ಏಕೆಂದರೆ ತೆಳುವಾದ ಪ್ಯಾಡ್ ಶಾಖವನ್ನು ತಡೆಯದೆ, ಪ್ಯಾಡನ್ನು ಒತ್ತುವ ಪಿಸ್ಟನ್ ಮತ್ತು ಬ್ರೇಕ್ ಆಯಿಲಿಗೆ ಬೇಗ ದಾಟಿಸುತ್ತದೆ. ಮೆಕ್ಯಾನಿಕ್ ಬಿಚ್ಚಿದ ಹಳೆ ಪ್ಯಾಡ್‌ಗಳನ್ನು ಗುಜರಿಗೆ ಎಸೆಯಲು ಬಿಡಬೇಡಿ. ನಾಲ್ಕನ್ನೂ ಸಾಲಾಗಿ ನೆಲದ ಮೇಲೆ ಇಡಿಸಿ, ಟಾರ್ಚ್ ಹಿಡಿದು ನೋಡಿ.

ಒಳಬದಿಯ ಪ್ಯಾಡ್ ಹೊರಬದಿಯದಕ್ಕಿಂತ 2 ಮಿ.ಮೀ.ಗಿಂತ ಹೆಚ್ಚು ಸವೆದಿದ್ದರೆ ಪ್ಯಾಡ್ ಹಿಡಿದು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರಾಡಬೇಕಾದ ಸ್ಲೈಡ್ ಪಿನ್ ಬಿಗಿದುಕೊಂಡಿದೆ ಎಂದರ್ಥ. ಒಂದೇ ಪ್ಯಾಡ್ ಮೇಲೆ ದಪ್ಪ, ಕೆಳಗೆ ತೆಳ್ಳಗೆ ಓರೆಯಾಗಿ ಸವೆದಿದ್ದರೂ ಅದೇ ಕಡೆ ಅನುಮಾನ. ಮೇಲ್ಮೈ ಗಾಜಿನಂತೆ ಹೊಳೆಯುತ್ತಿದ್ದರೆ ಅದು ಅತಿಯಾಗಿ ಕಾದು ಗಟ್ಟಿಯಾಗಿದೆ. ಅಂಥವರು ಹಾಕುತ್ತಿದ್ದ ದರ್ಜೆಗಿಂತ ಹೆಚ್ಚು ಶಾಖ ತಾಳುವುದನ್ನು ಹುಡುಕಬೇಕು, ಇಳಿಯುವ ಅಭ್ಯಾಸವನ್ನೂ ಬದಲಿಸಬೇಕು. ಪದರದ ಅಂಚಿಗೂ ಪ್ಲೇಟಿಗೂ ನಡುವೆ ಉಗುರು ಸಿಕ್ಕಿಸುವಷ್ಟು ಕಂದು ಗೆರೆ ಕಂಡರೆ ಉಪ್ಪಿನ ಕೆಲಸ. ಆಗ ನೀವು ನೋಡಬೇಕಾದದ್ದು ಮುಂದಿನ ಪದರಕ್ಕಿಂತ ಹಿಂದಿನ ಪ್ಲೇಟಿನ ಗುಣಮಟ್ಟ. ಡಿಸ್ಕಿನ ಮೇಲೆ ಉಗುರಿಗೆ ಸಿಗುವ ಗೀರುಗಳಿದ್ದರೆ ಜಂಬಿಟ್ಟಿಗೆ ಮಣ್ಣಿನ ಹರಳು ಸಿಕ್ಕಿಬಿದ್ದಿರಬಹುದು, ಅಥವಾ ಪ್ಯಾಡೇ ಕಳಪೆ.

ಡಿಸ್ಕಿನ ಅಂಚಿನಲ್ಲೋ ನಡುವಿನ ಟೋಪಿಯಂಥ ಭಾಗದಲ್ಲೋ ಕನಿಷ್ಠ ದಪ್ಪವನ್ನು ಅಚ್ಚೊತ್ತಿರುತ್ತಾರೆ. ಅದಕ್ಕಿಂತ ಇಳಿದಿದ್ದರೆ ಸ್ಕಿಮ್ಮಿಂಗ್ (ಮೇಲ್ಮೈ ಕಡೆದು ಸಮ ಮಾಡುವುದು) ಮಾಡಿಸಿಯೂ ಪ್ರಯೋಜನವಿಲ್ಲ, ಡಿಸ್ಕ್ ಬದಲಿಸಲೇಬೇಕು. ತೆಳುವಾದ ಡಿಸ್ಕಿಗೆ ದುಬಾರಿ ಪ್ಯಾಡ್ ಹಾಕುವುದು ದುಡ್ಡು ದಂಡ.

ನಾಲ್ಕು ಬಗೆಯ ಪ್ಯಾಡ್

ಆರ್ಗ್ಯಾನಿಕ್. ಅಸ್ಬೆಸ್ಟಾಸ್ ಇಲ್ಲದ, ಅರಾಮಿಡ್‌ನಂಥ ನಾರು, ಫಿಲ್ಲರ್‌ಗಳು ಮತ್ತು ಅಂಟಿನಂತೆ ಹಿಡಿದಿಡುವ ರೆಸಿನ್ ಸೇರಿಸಿ ಒತ್ತಿ ಮಾಡಿದ್ದು. ಪೆಟ್ಟಿಗೆಯ ಮೇಲೆ ಎನ್‌ಎಒ ಎಂದಿರುತ್ತದೆ. ಜಪಾನಿ ಮೂಲದ ಕಂಪೆನಿಗಳು ಹೆಚ್ಚಾಗಿ ಇದನ್ನೇ ನೆಚ್ಚುತ್ತವೆ. ಸದ್ದಿಲ್ಲ, ಧೂಳು ಕಡಿಮೆ, ಡಿಸ್ಕಿಗೆ ಮೃದು, ತಣ್ಣಗಿರುವಾಗ ಪೆಡಲ್ ಒತ್ತಿದ ತಕ್ಷಣ ಹಿಡಿಯುತ್ತದೆ. ದೋಷ ಶಾಖದಲ್ಲಿ. ಸಾಮಾನ್ಯ ದರ್ಜೆಯ ಆರ್ಗ್ಯಾನಿಕ್ ಪ್ಯಾಡ್ 250–300 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಹಿಡಿತ ಸಡಿಲಿಸಲು ಶುರು ಮಾಡುತ್ತದೆ. ಗಾಡಿಯ ಕಂಪೆನಿ ತನ್ನ ಮಾದರಿಯ ತೂಕಕ್ಕೆ ಪರೀಕ್ಷಿಸಿ ಕೊಡುವ ಆರ್ಗ್ಯಾನಿಕ್ ಬೇರೆ, ಅದೇ ಆಕಾರದಲ್ಲಿ ಅಗ್ಗಕ್ಕೆ ಬರುವ ಆರ್ಗ್ಯಾನಿಕ್ ಬೇರೆ. ಮೊದಲನೆಯದು ಸರಿಯಾದ ಗೇರಿನಲ್ಲಿ ಇಳಿಸುವವರಿಗೆ ಘಾಟಿಯಲ್ಲೂ ಸಾಕಾಗುತ್ತದೆ. ಎರಡನೆಯದನ್ನು ಎರಡು ಟನ್ನಿನ ಗಾಡಿಗೆ ಹಾಕಿ ಚಾರ್ಮಾಡಿ ಇಳಿಯಬಾರದು.

ಲೋ-ಮೆಟಾಲಿಕ್. ಆರ್ಗ್ಯಾನಿಕ್‌ಗೆ ತೂಕದಲ್ಲಿ 10ರಿಂದ 30 ಶೇಕಡಾದಷ್ಟು ಲೋಹದ ನಾರು ಸೇರಿದ್ದು. ಯುರೋಪಿನ ಕಂಪೆನಿಗಳ ಇಷ್ಟದ ದಾರಿ. ಮೊದಲ ಹಿಡಿತ ಚುರುಕು, ಶಾಖವನ್ನೂ ಇನ್ನಷ್ಟು ತಾಳುತ್ತದೆ. ಬದಲಿಗೆ ವಾರಕ್ಕೊಮ್ಮೆ ವೀಲ್ ತೊಳೆಯಬೇಕಾಗುವಷ್ಟು ಕಪ್ಪು ಧೂಳು, ಒಮ್ಮೊಮ್ಮೆ ಕೀರಲು ಸದ್ದು. ಊರು, ಹೈವೇ, ಘಾಟಿ ಮೂರನ್ನೂ ಬೆರೆಸಿ ಓಡಿಸುವ ಕರಾವಳಿಯ ಹೆಚ್ಚಿನ ಕುಟುಂಬಗಳಿಗೆ ನನ್ನ ಮಟ್ಟಿಗೆ ಅತ್ಯಂತ ಸಮತೂಕದ ಆಯ್ಕೆ ಇದು. ಧೂಳಿನ ಬಗ್ಗೆ ತಕರಾರು ಮಾಡುವವರಿಗೆ ಹೇಳುವುದಿಷ್ಟೆ, ಧೂಳು ತೊಳೆದರೆ ಹೋಗುತ್ತದೆ.

ಸೆಮಿ-ಮೆಟಾಲಿಕ್. ಉಕ್ಕು, ಕಬ್ಬಿಣದ ನಾರು ಮತ್ತು ಪುಡಿ ತೂಕದಲ್ಲಿ 30ರಿಂದ 65 ಶೇಕಡಾವರೆಗೆ. ಶಾಖಕ್ಕೆ ಅಂಜದ ಪ್ಯಾಡ್. ತುಂಬಿದ ಗಾಡಿ, ಟ್ರೇಲರ್, ವಾರ ವಾರ ಘಾಟಿ ಇದ್ದವರಿಗೆ ಇದರ ನೆಮ್ಮದಿ ಬೇರೆಯೇ. ಆದರೆ ಲೋಹ ಶಾಖವನ್ನು ಚೆನ್ನಾಗಿ ಸಾಗಿಸುತ್ತದೆ, ಹಾಗಾಗಿ ಆ ಶಾಖ ಪ್ಲೇಟು ದಾಟಿ ಕ್ಯಾಲಿಪರ್ ಮತ್ತು ಬ್ರೇಕ್ ಆಯಿಲಿಗೂ ಹೋಗುತ್ತದೆ. ಆಯಿಲ್ ಹಳತಾಗಿದ್ದರೆ ಪ್ಯಾಡ್ ತಾಳಿದರೂ ಆಯಿಲ್ ಕುದಿಯುತ್ತದೆ. ಡಿಸ್ಕ್ ಬೇಗ ಸವೆಯುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಮೊದಲ ಒಂದೆರಡು ಒತ್ತು ಮಂದ ಅನ್ನಿಸಬಹುದು. ಕರಾವಳಿಗೆ ಇದರ ಅತಿ ದೊಡ್ಡ ಕೊರತೆ ತುಕ್ಕು: ಒದ್ದೆ ಗಾಡಿಯನ್ನು ನಿಲ್ಲಿಸಿ ನಾಲ್ಕೈದು ದಿನ ಬಿಟ್ಟರೆ ಪ್ಯಾಡಿನ ಉಕ್ಕಿನ ನಾರು ಡಿಸ್ಕಿಗೆ ಕಚ್ಚಿಕೊಂಡು, ಗಾಡಿ ಹೊರಡಿಸುವಾಗ ‘ಟಪ್’ ಎಂದು ಬಿಡುತ್ತದೆ. ಹಾಗೆ ಬಿಟ್ಟ ಜಾಗದಲ್ಲಿ ಡಿಸ್ಕಿನ ಮೇಲೆ ಪ್ಯಾಡಿನ ಆಕಾರದ ಕಲೆ ಉಳಿದು, ಕೆಲವು ದಿನ ಪೆಡಲಿನಲ್ಲಿ ನಡುಕ ಕೊಡುತ್ತದೆ.

ಸೆರಾಮಿಕ್. ಮೊದಲು ಒಂದು ಮಾತು: ಸೂಪರ್‌ಕಾರುಗಳ ಕಾರ್ಬನ್-ಸೆರಾಮಿಕ್ ಡಿಸ್ಕಿಗೂ ಇದಕ್ಕೂ ಸಂಬಂಧವಿಲ್ಲ. ಸೆರಾಮಿಕ್ ನಾರು, ಕಬ್ಬಿಣವಲ್ಲದ ಲೋಹ ಮತ್ತು ಫಿಲ್ಲರ್‌ಗಳಿಂದ ಮಾಡಿದ, ಮಾಮೂಲಿ ಕಬ್ಬಿಣದ ಡಿಸ್ಕಿಗೇ ಹಾಕುವ ಪ್ಯಾಡ್ ಇದು. ಅತ್ಯಂತ ನಿಶ್ಶಬ್ದ, ಧೂಳು ತೀರ ಕಡಿಮೆ, ಬಾಳಿಕೆ ಹೆಚ್ಚು, ಕಬ್ಬಿಣದ ನಾರು ಇಲ್ಲದ್ದರಿಂದ ಡಿಸ್ಕಿಗೆ ಅಂಟಿಕೊಳ್ಳುವುದೂ ಕಡಿಮೆ. ಉಪ್ಪು ಗಾಳಿಯ ಊರಿಗೆ ಇದು ದೊಡ್ಡ ಗುಣ. ಬೆಲೆ ಜಾಸ್ತಿ. ಪ್ಯಾಡ್ ತಾನು ಶಾಖ ಸಾಗಿಸದ ಕಾರಣ ಡಿಸ್ಕಿನಲ್ಲೇ ಹೆಚ್ಚು ಶಾಖ ಉಳಿಯುತ್ತದೆ. ಒಂದರ ಹಿಂದೆ ಒಂದು ಬಲವಾದ ಬ್ರೇಕ್ ಹಾಕುವ, ಭಾರ ತುಂಬಿದ ಗಾಡಿಗೆ ಮಾಮೂಲಿ ಸೆರಾಮಿಕ್‌ಗಿಂತ ಸೆಮಿ-ಮೆಟಾಲಿಕ್ ಭರವಸೆಯದು. ‘ದುಬಾರಿ, ಹಾಗಾಗಿ ಘಾಟಿಗೂ ಉತ್ತಮ’ ಎಂಬ ತರ್ಕ ಇಲ್ಲಿ ನಡೆಯುವುದಿಲ್ಲ.

ಇವುಗಳ ಆಚೆಗೆ ಎಸ್‌ಯುವಿಗಳಿಗೆಂದೇ ಮಾಡಿದ ವಿಶೇಷ ದರ್ಜೆಗಳೂ ಇವೆ, ಇಬಿಸಿಯವರ ಗ್ರೀನ್‌ಸ್ಟಫ್ 6000 ಸರಣಿಯಂಥವು. ದೊಡ್ಡ ಟಯರ್ ಹಾಕಿಸಿದವರು, ಗಾಡಿಗೆ ಬಂಪರ್, ವಿಂಚ್ ಎಂದು ತೂಕ ಏರಿಸಿದವರು ಇವನ್ನು ಯೋಚಿಸಬಹುದು. ಮಾಮೂಲಿ ಗಾಡಿಗೆ ಅಷ್ಟು ಖರ್ಚಿನ ಅಗತ್ಯ ಕಾಣುವುದಿಲ್ಲ, ಸ್ಟಾಕಿಗೂ ಕಾಯಬೇಕಾಗಬಹುದು.

ಅಂಚಿನ ಮೇಲಿನ ಅಕ್ಷರಗಳು

ಒಳ್ಳೆಯ ಪ್ಯಾಡ್‌ಗಳ ಅಂಚಿನಲ್ಲೋ ಹಿಂಬದಿಯಲ್ಲೋ ಎರಡು ಇಂಗ್ಲಿಷ್ ಅಕ್ಷರಗಳ ಸಂಕೇತ ಇರುತ್ತದೆ: ಎಫ್‌ಎಫ್, ಜಿಎಫ್, ಜಿಜಿ ಹೀಗೆ. ಮೊದಲ ಅಕ್ಷರ ಸಾಧಾರಣ ಉಷ್ಣತೆಯಲ್ಲಿನ ಘರ್ಷಣೆ, ಎರಡನೆಯದು ಕಾದಾಗಿನ ಘರ್ಷಣೆ. ಇ ಎಂದರೆ ಘರ್ಷಣಾಂಕ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ದೊಡ್ಡ ಎಸ್‌ಯುವಿಗೆ ಎಫ್‌ಎಫ್‌ಗಿಂತ ಕಡಿಮೆಯದನ್ನು ಕೊಳ್ಳಬೇಡಿ. ಎಫ್‌ಇ ಎಂದಿದ್ದರೆ ಕಾದಾಗ ಹಿಡಿತ ಇಳಿಯುತ್ತದೆ ಎಂದು ಅದೇ ಒಪ್ಪಿಕೊಂಡಂತೆ, ಘಾಟಿಯ ಗಾಡಿಗೆ ಅದು ಬೇಡ. ಹಾಗೆಂದು ಅಕ್ಷರ ಮೇಲೇರಿದಷ್ಟೂ ಪ್ಯಾಡ್ ಒಳ್ಳೆಯದು ಎಂದಲ್ಲ. ಈ ಸಂಕೇತ ಬಾಳಿಕೆಯನ್ನೂ ಸದ್ದನ್ನೂ ಹೇಳುವುದಿಲ್ಲ. ಮುಂದೆ ಎಫ್‌ಎಫ್ ಇಟ್ಟುಕೊಂಡು ಹಿಂದೆ ಜಿಜಿ ಹಾಕಿದರೆ ಮುಂದು-ಹಿಂದಿನ ಹಿಡಿತದ ಲೆಕ್ಕ ತಪ್ಪಿ, ಒದ್ದೆ ರಸ್ತೆಯಲ್ಲಿ ಗಾಡಿಯ ಹಿಂಭಾಗ ಅಲುಗಾಡಬಹುದು. ಮುಂದೆ ಇರುವುದಕ್ಕಿಂತ ಹೆಚ್ಚಿನ ದರ್ಜೆ ಹಿಂದೆ ಎಂದೂ ಬೇಡ.

ಇನ್ನೊಂದು ಗುರುತು ವೃತ್ತದೊಳಗಿನ ಇ ಅಕ್ಷರ, ಪಕ್ಕದಲ್ಲಿ ದೇಶದ ಸಂಖ್ಯೆ, 90ಆರ್ ಎಂದು ಶುರುವಾಗುವ ಅನುಮೋದನೆ ಸಂಖ್ಯೆ. ಇದು ವಿಶ್ವಸಂಸ್ಥೆಯ ಯುರೋಪ್ ಆಯೋಗದ ಇಸಿಇ ಆರ್90 ಮಾನದಂಡ. ಬದಲಿ ಪ್ಯಾಡಿನ ಕೆಲಸ ಮೂಲ ಪ್ಯಾಡಿಗಿಂತ 15 ಶೇಕಡಾ ಆಚೀಚೆಯೊಳಗೇ ಇರಬೇಕೆಂದು ಇದು ಕೇಳುತ್ತದೆ. ಕಂಪೆನಿ ಪ್ಯಾಡ್ ಬಿಟ್ಟು ಹೊರಗಿನದು ಕೊಳ್ಳುವವರಿಗೆ ಇದಕ್ಕಿಂತ ಗಟ್ಟಿ ಆಧಾರ ಪೆಟ್ಟಿಗೆಯ ಮೇಲೆ ಬೇರೊಂದಿಲ್ಲ.

ಹಿಂದಿನ ಪ್ಲೇಟನ್ನು ಮರೆಯಬೇಡಿ. ಅಂಗಡಿಯಲ್ಲೇ ಪೆಟ್ಟಿಗೆ ತೆರೆಸಿ ನೋಡಿ. ಬಣ್ಣ ಒಂದೇ ಸಮ ಇರಬೇಕು, ಪೌಡರ್ ಕೋಟಿಂಗ್ ಅಥವಾ ಸತುವಿನ ಲೇಪ ಇದ್ದರೆ ಉತ್ತಮ. ಸದ್ದು ತಡೆಯುವ ಶಿಮ್ ಗಟ್ಟಿಯಾಗಿ ಕೂತಿರಬೇಕು. ಕೆಲವು ಪ್ಯಾಡ್‌ಗಳಲ್ಲಿ ಪ್ಲೇಟಿನ ಮೇಲೆ ಸಣ್ಣ ಉಕ್ಕಿನ ಕೊಕ್ಕೆಗಳಿದ್ದು ಘರ್ಷಣೆಯ ಪದರವನ್ನು ಅವೇ ಹಿಡಿದಿರುತ್ತವೆ, ಬರೀ ಅಂಟಿನ ಮೇಲೆ ಅದು ನಿಂತಿರುವುದಿಲ್ಲ. ಸಮುದ್ರದ ಬದಿಯವರಿಗೆ ಇಂಥದ್ದು ಸಿಕ್ಕಿದರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ತೆಗೆದುಕೊಳ್ಳಬಹುದು.

ಕಂಪೆನಿಯದೋ, ಹೊರಗಿನದೋ

ಗಾಡಿ ಕಂಪೆನಿಗಳು ಪ್ಯಾಡ್ ತಾವೇ ಮಾಡುವುದಿಲ್ಲ, ಬ್ರೇಕ್ ತಯಾರಕರಿಂದ ಮಾಡಿಸಿ ತಮ್ಮ ಪೆಟ್ಟಿಗೆಯಲ್ಲಿ ಮಾರುತ್ತವೆ. ಬಾಶ್, ಬ್ರೆಂಬೊ, ರಾಣೆ, ಟಿವಿಎಸ್ ಗರ್ಲಿಂಗ್, ಅಲೈಡ್ ನಿಪ್ಪಾನ್ ಇವೆಲ್ಲ ಬಿಡಿಭಾಗದ ಮಾರುಕಟ್ಟೆಯಲ್ಲಿ ಸಿಗುವ ಹೆಸರುಗಳು. ಆದರೆ ಒಂದೇ ತಯಾರಕ ಗಾಡಿ ಕಂಪೆನಿಗೆ ಕೊಡುವ ಮಿಶ್ರಣವನ್ನೇ ಅಂಗಡಿಗೂ ಕಳಿಸುತ್ತಾನೆ ಎಂದು ಹೇಳಲಾಗುವುದಿಲ್ಲ. ಹೆಸರು ನೋಡಿ ತೃಪ್ತರಾಗದೆ ಸಂಕೇತ ನೋಡಬೇಕಾದ್ದು ಇದಕ್ಕೇ.

ಕಂಪೆನಿ ಪ್ಯಾಡಿನ ಪರ ಇರುವ ನಿಜವಾದ ವಾದ ಹೊಂದಾಣಿಕೆಯದು. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್, ಗಾಡಿ ಜಾರದಂತೆ ಹಿಡಿಯುವ ಇಎಸ್‌ಪಿ ಎಲ್ಲವನ್ನೂ ಆ ಪ್ಯಾಡಿನ ಘರ್ಷಣೆಗೆ ಸರಿಯಾಗಿ ಹೊಂದಿಸಿರುತ್ತಾರೆ. ವಾರಂಟಿ ಇರುವ ಗಾಡಿಗೆ ಬೇರೆ ಯೋಚನೆಯೇ ಬೇಡ. ವಾರಂಟಿ ಮುಗಿದ, ಐದಾರು ವರ್ಷದ ಗಾಡಿಗೆ ಆರ್90 ಗುರುತಿನ ಹೊರಗಿನ ಪ್ಯಾಡ್ ಧೈರ್ಯವಾಗಿ ಹಾಕಬಹುದು. ಅದರಲ್ಲಿ ಉಳಿದ ದುಡ್ಡನ್ನು ಬ್ರೇಕ್ ಆಯಿಲ್, ಪಿನ್ ಕಿಟ್, ಹೊಸ ಕ್ಲಿಪ್‌ಗಳಿಗೆ ಹಾಕಿದರೆ, ಬರೀ ಕಂಪೆನಿ ಪ್ಯಾಡ್ ಹಾಕಿ ಉಳಿದದ್ದನ್ನು ಮುಟ್ಟದೆ ಬಿಟ್ಟ ಗಾಡಿಗಿಂತ ಇದೇ ಚೆನ್ನಾಗಿ ನಿಲ್ಲುತ್ತದೆ.

ಗುರುತಿಲ್ಲದ, ಪ್ಲಾಸ್ಟಿಕ್ ಕವರಿನಲ್ಲಿ ಬರುವ ಲೋಕಲ್ ಪ್ಯಾಡ್ ಯಾವ ಬಜೆಟ್ಟಿಗೂ ಸರಿಯಲ್ಲ. ಮಿಶ್ರಣದಲ್ಲಿ ಏನಿದೆ ಎಂದು ತಿಳಿಯುವ ದಾರಿಯೇ ಇಲ್ಲ, ಅಸ್ಬೆಸ್ಟಾಸ್ ಇಲ್ಲ ಎಂಬ ಖಾತ್ರಿಯೂ ಇಲ್ಲ. ನಕಲಿ ಕಂಪೆನಿ ಪ್ಯಾಡ್ ಇದಕ್ಕಿಂತ ಅಪಾಯದ್ದು, ಏಕೆಂದರೆ ಅದನ್ನು ನಂಬಿ ಓಡಿಸುತ್ತೀರಿ. ಪೆಟ್ಟಿಗೆಯ ಭಾಗ ಸಂಖ್ಯೆಯನ್ನು ನಿಮ್ಮ ಗಾಡಿಯ ಚಾಸಿ ನಂಬರಿಗೆ ತಾಳೆ ಹಾಕಿಸಿ, ಎಂಆರ್‌ಪಿ ಮತ್ತು ತಯಾರಿಕೆಯ ತಿಂಗಳು ನೋಡಿ, ಜಿಎಸ್‌ಟಿ ಬಿಲ್ ಕೇಳಿ. ಬಿಲ್ ಕೊಡಲು ಹಿಂಜರಿದರೆ ಬೇರೆ ಅಂಗಡಿಗೆ ಹೋಗಿ.

ಯಾರಿಗೆ ಯಾವುದು

ಮಂಗಳೂರಿನೊಳಗೇ, ಕದ್ರಿಯಿಂದ ಸುರತ್ಕಲ್‌ವರೆಗೆ ಕಚೇರಿ, ಶಾಲೆ ಎಂದು ಓಡಾಟ, ವರ್ಷಕ್ಕೆ ಒಂದೆರಡು ಸಲ ಮಾತ್ರ ಘಾಟಿ ಇರುವವರಿಗೆ ಕಂಪೆನಿಯ ಅಥವಾ ಆರ್90 ಗುರುತಿನ ಆರ್ಗ್ಯಾನಿಕ್ ಸಾಕು. ಸದ್ದು, ಧೂಳು ಸಹಿಸದವರು ಬಜೆಟ್ ಇದ್ದರೆ ಸೆರಾಮಿಕ್‌ಗೆ ಹೋಗಲಿ.

ಮಣಿಪಾಲ, ಉಡುಪಿಯಿಂದ ಆಗುಂಬೆ ದಾರಿಯಲ್ಲಿ ತೀರ್ಥಹಳ್ಳಿ, ಶಿವಮೊಗ್ಗ, ಅಥವಾ ಶಿರಾಡಿ ಮೂಲಕ ಬೆಂಗಳೂರು ಎಂದು ತಿಂಗಳಿಗೆ ಒಂದೆರಡು ಸಲ ಹೋಗಿಬರುವ ಕುಟುಂಬಕ್ಕೆ ಲೋ-ಮೆಟಾಲಿಕ್, ಎಫ್‌ಎಫ್ ಅಥವಾ ಜಿಎಫ್. ಶಿರಾಡಿಯ ಏರಿಳಿತ ಆಗುಂಬೆಯಷ್ಟು ಕಡಿದಲ್ಲ ಎಂದು ಹಗುರವಾಗಿ ಕಾಣಬೇಡಿ. ಲಾರಿಗಳ ಹಿಂದೆ ಉದ್ದಕ್ಕೂ ಬ್ರೇಕ್ ಮುಟ್ಟುತ್ತಲೇ ಇಳಿಯಬೇಕಾಗುತ್ತದೆ, ಪ್ಯಾಡಿಗೆ ತಣಿಯಲು ಪುರುಸೊತ್ತೇ ಸಿಗುವುದಿಲ್ಲ.

ಧರ್ಮಸ್ಥಳ, ಸುಬ್ರಹ್ಮಣ್ಯ, ಕೊಲ್ಲೂರು, ಹೊರನಾಡು ಎಂದು ಏಳು ಜನರನ್ನು ಕೂರಿಸಿ ಬಾಡಿಗೆಗೆ ಓಡಿಸುವವರಿಗೆ ಸೆಮಿ-ಮೆಟಾಲಿಕ್ ನ್ಯಾಯವಾದ ಆಯ್ಕೆ. ಗಾಡಿ ದಿನವೂ ಓಡುವುದರಿಂದ ತುಕ್ಕು ಕಚ್ಚುವ ತೊಂದರೆ ಇವರಿಗೆ ಬಾಧಿಸುವುದಿಲ್ಲ. ಡಿಸ್ಕ್ ಬೇಗ ಸವೆಯುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿದುಕೊಳ್ಳಬೇಕು. ಘಟ್ಟದ ಮೇಲೆ ಕಾಫಿ ತೋಟ ಇದ್ದು ಗೊಬ್ಬರದ ಚೀಲ, ಮೋಟರು ಹೇರಿಕೊಂಡು ಇಳಿಯುವವರದೂ ಇದೇ ಪಂಗಡ. ಆದರೆ ತೋಟದ ಕೆಸರು ಕ್ಯಾಲಿಪರಿನಲ್ಲಿ ಒಣಗಿ ಗಟ್ಟಿಯಾಗದಂತೆ ಅಂದೇ ಬರೀ ನೀರಿನಲ್ಲಿ ತೊಳೆಯಬೇಕು.

ನಮ್ಮ ಕಡೆಯ ಒಂದು ವಿಶೇಷ ವರ್ಗ ಗಲ್ಫ್‌ನಲ್ಲೋ ಮುಂಬೈಯಲ್ಲೋ ಇರುವವರದು. ಗಾಡಿ ಮನೆಯ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತು, ರಜೆಗೆ ಬಂದಾಗ ಒಮ್ಮೆಲೇ ದೂರ ಓಡುತ್ತದೆ. ಇವರಿಗೆ ಸೆಮಿ-ಮೆಟಾಲಿಕ್ ಖಂಡಿತ ಬೇಡ. ಲೇಪವಿರುವ ಪ್ಲೇಟಿನ ಸೆರಾಮಿಕ್ ಅಥವಾ ಆರ್ಗ್ಯಾನಿಕ್ ಇರಲಿ. ಗಾಡಿ ಬಿಟ್ಟು ಹೋಗುವಾಗ ತೊಳೆದ ತಕ್ಷಣ ನಿಲ್ಲಿಸದೆ ಎರಡು ಕಿ.ಮೀ. ಓಡಿಸಿ, ಮೆಲ್ಲಗೆ ಬ್ರೇಕ್ ಒತ್ತಿ ಡಿಸ್ಕ್ ಒಣಗಿಸಿ. ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿ ಇಟ್ಟು ಚಕ್ರಕ್ಕೆ ಕಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ. ಊರಿಗೆ ಬಂದಾಗ ಸೀದಾ ಘಾಟಿ ಹತ್ತುವ ಮೊದಲು ಒಮ್ಮೆ ಚಕ್ರ ಬಿಚ್ಚಿ ನೋಡಿಸಿ.

ಹಾಕಿಸುವಾಗ

ಪ್ಯಾಡನ್ನು ಒಂದು ಆಕ್ಸಲ್‌ನ ಎರಡೂ ಚಕ್ರಕ್ಕೆ ಒಟ್ಟಿಗೇ ಬದಲಿಸಬೇಕು. ಒಂದು ಬದಿ ಮಾತ್ರ ಬದಲಿಸಿದರೆ ಬ್ರೇಕ್ ಹಾಕಿದಾಗ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಸ್ಲೈಡ್ ಪಿನ್‌ಗಳನ್ನು ಹೊರತೆಗೆದು ಒರೆಸಿ, ಸಿಲಿಕಾನ್ ಅಥವಾ ಸಿಂಥೆಟಿಕ್ ಬ್ರೇಕ್ ಗ್ರೀಸ್ ಮಾತ್ರ ಹಚ್ಚಿಸಿ. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಬೂಟು ಊದಿ, ಪಿನ್ ಮತ್ತೆ ಬಿಗಿಯುತ್ತದೆ. ಫಾರ್ಚುನರ್ ಮುಂದಿನ ಚಕ್ರದಂತೆ ಎರಡೂ ಬದಿ ಪಿಸ್ಟನ್ ಇರುವ ಕ್ಯಾಲಿಪರಿನಲ್ಲಿ ಸ್ಲೈಡ್ ಪಿನ್ ಇರುವುದಿಲ್ಲ. ಅಲ್ಲಿ ಪ್ರತಿ ಪಿಸ್ಟನ್ನೂ ಸಲೀಸಾಗಿ ಒಳಗೆ ಹೋಗುತ್ತದೆಯೇ ಎಂದು ನೋಡಬೇಕು. ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಇರುವ ಗಾಡಿಯ ಹಿಂದಿನ ಪಿಸ್ಟನ್ನನ್ನು ಸ್ಕ್ಯಾನರ್ ಹಾಕಿ ಸರ್ವಿಸ್ ಮೋಡಿಗೆ ತರದೆ ಒತ್ತಿದರೆ ಮೋಟರು ಹಾಳಾಗುತ್ತದೆ. ಆ ಉಪಕರಣ ಇಲ್ಲದ ಕಡೆ ಹಿಂದಿನ ಕೆಲಸ ಕೊಡಬೇಡಿ. ಧೂಳನ್ನು ಏರ್ ಹೊಡೆದು ಹಾರಿಸಲು ಬಿಡಬೇಡಿ, ಬ್ರೇಕ್ ಕ್ಲೀನರ್ ಸ್ಪ್ರೇ ಸಾಕು. ಗಾಡಿ ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಬೇಕು.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, 3.7 ಶೇಕಡಾ ನೀರು ಸೇರಿದಾಗ ಅದೇ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಇದಕ್ಕಿಂತ ಕೆಳಗೆ, 205 ಮತ್ತು 140. ನಮ್ಮ ಸೆಖೆಯ ತೇವದ ಹವೆಗೆ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಲೇಬೇಕು, ಮೇಲಿಂದ ತುಂಬಿಸಿದರೆ ಆಗಲಿಲ್ಲ. ಮುಚ್ಚಳದ ಮೇಲೆ ಬರೆದ ದರ್ಜೆಯನ್ನೇ ಹಾಕಿ. ಸಿಲಿಕಾನ್ ಮೂಲದ ಡಾಟ್ 5 ಬೇರೆಯದೇ, ಬೆರೆಸುವಂತಿಲ್ಲ.

ಘಾಟಿಯಲ್ಲಿ ಬ್ರೇಕ್ ಕೈಕೊಟ್ಟಾಗ ಕಾರಣವನ್ನು ಕಾಲೇ ಹೇಳುತ್ತದೆ. ಪೆಡಲ್ ಗಟ್ಟಿಯಾಗಿದ್ದು ಗಾಡಿ ನಿಲ್ಲದಿದ್ದರೆ ಪ್ಯಾಡ್ ಕಾದು ಹಿಡಿತ ಬಿಟ್ಟಿದೆ. ಪೆಡಲ್ ಸ್ಪಂಜಿನಂತೆ ಕೆಳಗಿಳಿದರೆ ಆಯಿಲ್ ಕುದಿದಿದೆ. ಎರಡರಲ್ಲೂ ಕೆಳ ಗೇರಿಗೆ ತಂದು, ಅಗಲವಾದ ಕಡೆ ನಿಲ್ಲಿಸಿ, ಅರ್ಧ ಗಂಟೆ ತಣಿಯಲು ಬಿಡಬೇಕು. ನೀರು ಎರಚಬಾರದು, ಕಾದ ಡಿಸ್ಕ್ ಬಿರುಕು ಬಿಡುತ್ತದೆ. ಮೊದಲನೆಯದಕ್ಕೆ ಪರಿಹಾರ ಪ್ಯಾಡಿನ ದರ್ಜೆ ಬದಲಿಸುವುದು. ಎರಡನೆಯದಕ್ಕೆ ಎಂಥ ಪ್ಯಾಡ್ ಹಾಕಿದರೂ ಉಪಯೋಗವಿಲ್ಲ, ಆಯಿಲನ್ನೇ ಬದಲಿಸಬೇಕು.

ಹೊಸ ಪ್ಯಾಡ್ ಹಾಕಿಸಿ ಮರುದಿನವೇ ಘಾಟಿಗೆ ಹೋಗಬಾರದು. ಹೊಸ ರೆಸಿನ್ ಮೊದಲ ಸಲ ಕಾದಾಗ ಅನಿಲ ಬಿಡುತ್ತದೆ, ಆ ಹೊತ್ತಿನಲ್ಲಿ ಒಳ್ಳೆಯ ಪ್ಯಾಡ್ ಕೂಡ ಜಾರುತ್ತದೆ. ಅದಕ್ಕೇ ಪಳಗಿಸುವ ಕೆಲಸ ಇರುವುದು. ತಯಾರಕರು ಪೆಟ್ಟಿಗೆಯಲ್ಲಿ ಬೇರೆ ಕ್ರಮ ಕೊಟ್ಟಿದ್ದರೆ ಅದನ್ನೇ ಅನುಸರಿಸಿ. ಕೊಡದಿದ್ದರೆ ಮುಂಜಾನೆ ವಾಹನ ಸಂಚಾರ ಇಲ್ಲದ ನೇರ ರಸ್ತೆಯಲ್ಲಿ, ಒಣಗಿದ ದಿನ, ಗಂಟೆಗೆ 60 ಕಿ.ಮೀ.ಯಿಂದ 10ಕ್ಕೆ ಸಾಧಾರಣ ಬಲದಲ್ಲಿ ಎಂಟರಿಂದ ಹತ್ತು ಸಲ ಇಳಿಸಿ. ಎರಡು ಒತ್ತಿನ ನಡುವೆ ಅರ್ಧ ನಿಮಿಷ ಓಡಲಿ. ಪೂರ್ತಿ ನಿಲ್ಲಿಸಬೇಡಿ, ಕಾದ ಪ್ಯಾಡ್ ನಿಂತ ಜಾಗದಲ್ಲಿ ಡಿಸ್ಕಿಗೆ ಅಚ್ಚು ಹಾಕುತ್ತದೆ. ಮುಂದೆ ಪೆಡಲ್ ನಡುಗಿದಾಗ ‘ಡಿಸ್ಕ್ ಬೆಂಡ್’ ಎಂದು ಹೇಳುವ ಎಷ್ಟೋ ದೂರುಗಳ ಮೂಲ ಇದೇ. ಆಮೇಲೆ ಹತ್ತು ನಿಮಿಷ ಬ್ರೇಕ್ ಆದಷ್ಟು ಮುಟ್ಟದೆ ಓಡಿಸಿ ತಣಿಸಿ. ಮುಂದಿನ 300 ಕಿ.ಮೀ. ಅನಿವಾರ್ಯವಲ್ಲದಿದ್ದರೆ ಜೋರಾಗಿ ಬ್ರೇಕ್ ಹಾಕದಿರುವುದು ಲೇಸು.

1,000 ಕಿ.ಮೀ. ಆದ ಮೇಲೆ ಒಮ್ಮೆ ಚಕ್ರ ಬಿಚ್ಚಿಸಿ ಒಳ-ಹೊರ ಪ್ಯಾಡ್ ದಪ್ಪ ಅಳೆಸಿ, ಬಿಲ್ ಹಿಂದೆ ತಾರೀಕು ಸಮೇತ ಬರೆದಿಡಿ. ಪ್ರತಿ ಮಳೆಗಾಲ ಮುಗಿದಾಗ ಅದೇ ಅಳತೆ ಮತ್ತೆ ತೆಗೆಸಿ. ಎಡ-ಬಲ ಅಥವಾ ಒಳ-ಹೊರ ವ್ಯತ್ಯಾಸ ಬೆಳೆಯುತ್ತಿದ್ದರೆ ಮುಂದಿನ ಪ್ಯಾಡ್ ಕೊಳ್ಳುವ ಮೊದಲು ಕ್ಯಾಲಿಪರ್ ಸರಿಮಾಡಿಸಿ.